ಟೆರೇಸಿನ ಮೇಲೆ ಇಪ್ಪತ್ತು ವ್ಯಾಗನ್ ಗಾಳಿ

ಭೂಮಿಗೆ ಎಳೆಯುವ ಗುಣವಿದೆ ಎಂದು ಕಂಡುಹಿಡಿಯಲು ದೊಡ್ಡ ವಿಜ್ಞಾನಿಯೇ ಬೇಕಾಯಿತಂತೆ. ಮೂರನೇ ಮಹಡಿಯಲ್ಲಿ ಸಂಸಾರ ಮಾಡುತ್ತಾ, ಕೆಳಗಿನ ನಲ್ಲಿಯಿಂದ ಎರಡು ಕೈಗೆ ಎರಡು ಬಕೆಟ್ ನೀರು ಹೊತ್ತು ಮೆಟ್ಟಿಲು ಹತ್ತುವ ಯಾವ ಹೆಂಗಸನ್ನು ಕೇಳಿದ್ದರೂ ನಿಂತ ಕಾಲಲ್ಲಿ ಹೇಳಿಬಿಡುತ್ತಿದ್ದಳು. ಕೇಳುವ ಪುರುಸೊತ್ತು ಯಾರಿಗೂ ಇರಲಿಲ್ಲ. ಬಕೆಟ್ ಕೆಳಗಿಟ್ಟು ಹೇಳುವ ಪುರುಸೊತ್ತು ನಮಗೂ ಇರಲಿಲ್ಲ.

ನಮ್ಮದು ಊಟದ ಕ್ಯಾರಿಯರ್ ಜೋಡಿಸಿದ ಹಾಗೆ ಒಂದರ ಮೇಲೊಂದು ನಾಲ್ಕು ಮನೆಯಿರುವ ಹಳೇ ಕಟ್ಟಡ. ಕೆಳಗಿನ ಮನೆಯಲ್ಲಿ ಅಧ್ಯಕ್ಷರು. ರೈಲ್ವೆ ಪಾರ್ಸೆಲ್ ಆಫೀಸಿನಲ್ಲಿ ತೂಕ ಹಾಕಿ ಹಾಕಿ ನಿವೃತ್ತರಾದವರು. ಈಗಲೂ ಯಾರ ಕೈಯಲ್ಲಿ ಚೀಲ ಕಂಡರೂ ಕಣ್ಣಲ್ಲೇ ತೂಗುತ್ತಾರೆ. ಕಟ್ಟಡದ ಸಂಘಕ್ಕೆ ಅವರು ಅಧ್ಯಕ್ಷರಾದದ್ದು ಹೇಗೆಂದು ಯಾರಿಗೂ ನೆನಪಿಲ್ಲ, ಅವರು ಮಾತ್ರ ಮರೆತಿಲ್ಲ. ಮೊದಲನೇ ಮಹಡಿಯಲ್ಲಿ ಇನ್ಶೂರೆನ್ಸ್ ಏಜೆಂಟರು. ಮನುಷ್ಯನಿಗೆ ಏನೇನು ಅನಾಹುತ ಆಗಬಹುದು ಅನ್ನೋದು ಅವರಿಗೆ ಬಾಯಿಪಾಠ. ಎರಡನೇ ಮಹಡಿಯಲ್ಲಿ ನಾವೆಲ್ಲ ದೊಡ್ಡಮ್ಮ ಎಂದು ಕರೆಯುವ ಹೆಂಗಸು ಮತ್ತು ಅವರ ಯಜಮಾನರು. ಯಜಮಾನರು ಮಾತಾಡಿದ್ದನ್ನು ನಾವು ಈ ಮನೆಗೆ ಬಂದಾಗಿನಿಂದ ಕೇಳಿಲ್ಲ. ದೊಡ್ಡಮ್ಮ ಸಂದು ಕೊಟ್ಟರೆ ತಾನೆ. ಮೂರನೆಯದರಲ್ಲಿ ನಾವು ಮೂವರು. ನಾನು ಹೊಲಿಗೆ ಕಾರ್ಖಾನೆಯಲ್ಲಿ ಷರ್ಟಿನ ಕಾಲರ್ ಕೂರಿಸುವವಳು. ಮಗಳು ಏಳನೇ ಕ್ಲಾಸು. ನಮ್ಮ ಮನೆಯವರು ಹಾಸಿಗೆ ಅಂಗಡಿಯಲ್ಲಿ ಸೇಲ್ಸ್‌ಮನ್.

ಬೀದಿಯ ನೀರು ತನ್ನ ಬಲದಲ್ಲಿ ಎರಡನೇ ಮಹಡಿಯವರೆಗೆ ಏರುತ್ತದೆ. ಅಲ್ಲಿಗೆ ಅದಕ್ಕೆ ಸುಸ್ತು. ಮೊದಲು ಟೆರೇಸಿನ ಮೇಲೊಂದು ಟ್ಯಾಂಕ್ ಇತ್ತು, ಕೆಳಗಿನ ತೊಟ್ಟಿಯಿಂದ ಪಂಪು ಅದಕ್ಕೆ ನೀರು ಏರಿಸುತ್ತಿತ್ತು. ಹೋದ ಬೇಸಿಗೆಯಲ್ಲಿ ಆ ಟ್ಯಾಂಕ್ ಬಿರುಕು ಬಿಟ್ಟಿತು. ಪಂಪಿನ ಕೋಣೆಗೆ ಬೀಗ ಬಿತ್ತು, ಬೀಗದ ಕೈ ಅಧ್ಯಕ್ಷರ ಸೊಂಟ ಸೇರಿತು. ಒಡೆದ ಟ್ಯಾಂಕ್ ನಾಲ್ಕು ಮನೆಗೂ ಸೇರಿದ್ದು; ನೀರು ನಿಂತದ್ದು ಮಾತ್ರ ಒಂದೇ ಮನೆಗೆ. ಹಾಗಾಗಿ ಹೊಸ ಟ್ಯಾಂಕಿನ ವಿಷಯ ಪ್ರತಿ ಮೀಟಿಂಗಿನಲ್ಲೂ ಬರುತ್ತಿತ್ತು, ಮುಂದಿನ ಮೀಟಿಂಗಿಗೆ ಹೋಗುತ್ತಿತ್ತು.

ಹೀಗಿರುವಾಗ ಮಗಳ ವಿಜ್ಞಾನದ ಪುಸ್ತಕದಲ್ಲಿ ಗಾಳಿಯ ಒತ್ತಡದ ಪಾಠ ಬಂತು. ಅವಳು ಗಟ್ಟಿಯಾಗಿ ಓದುತ್ತಿದ್ದಳು. ನಮ್ಮ ಮನೆಯವರು ಪಕ್ಕದಲ್ಲಿ ಕೂತು ಬೆನ್ನಿಗೆ ದಿಂಬು ಸರಿಮಾಡಿಕೊಳ್ಳುತ್ತಿದ್ದವರು ಕಿವಿ ನೆಟ್ಟಗೆ ಮಾಡಿದರು.

"ಇನ್ನೊಂದು ಸಲ ಓದು."

"ನಮ್ಮ ಮೇಲೆ ಗಾಳಿ ಸದಾ ಒತ್ತುತ್ತಿರುತ್ತದೆ. ಒಂದು ಚದರ ಮೀಟರಿಗೆ ಸುಮಾರು ಹತ್ತು ಟನ್ ಭಾರದಷ್ಟು. ಎಲ್ಲ ಕಡೆಯಿಂದಲೂ ಸಮನಾಗಿ ಒತ್ತುವುದರಿಂದಲೂ, ನಮ್ಮ ಮೈಯೊಳಗಿನ ಒತ್ತಡ ಅದಕ್ಕೆ ಎದುರಾಗಿ ಇರುವುದರಿಂದಲೂ ನಮಗೆ ಅದು ತಿಳಿಯುವುದಿಲ್ಲ."

ಅವರು ಅಂಗೈ ಮುಂದೆ ಚಾಚಿ ನೋಡತೊಡಗಿದರು. ನಾನು ಅಡುಗೆಮನೆಯಿಂದ ಬಂದು ನೋಡಿದಾಗಲೂ ಕೈ ಹಾಗೇ ಇತ್ತು.

"ಇದರ ಮೇಲೆ ಒಬ್ಬ ದಪ್ಪ ಮನುಷ್ಯ ಕೂತಷ್ಟು ಭಾರ ಇದೆ ಕಣೇ. ಕಾಣಿಸ್ತಾ ಇದೆಯಾ?"

"ಇಲ್ಲ. ಖಾಲಿ ಕಾಣಿಸ್ತಾ ಇದೆ. ಖಾಲಿ ಇದ್ದರೆ ಕೆಳಗಿಂದ ಒಂದು ಬಕೆಟ್ ತನ್ನಿ."

"ನನ್ನ ಸೊಂಟದ ಕಥೆ ನಿನಗೆ ಗೊತ್ತೇ ಇದೆ."

ಗೊತ್ತು. ಊರಿಗೆಲ್ಲ ಸೊಂಟಕ್ಕೆ ಹಿತವಾದ ಹಾಸಿಗೆ ಮಾರುವವರ ಸೊಂಟ ಅದು. ಗಿರಾಕಿಗಳಿಗೆ ಮಾತ್ರ ಗೊತ್ತಿಲ್ಲ.

ಪಾಠ ಅವರಿಗೆ ಬೇಗ ಅರ್ಥವಾಯಿತು, ಅದನ್ನು ಒಪ್ಪಿಕೊಳ್ಳಬೇಕು. ಅವರ ಕಸುಬೇ ಅದು. ಒಳ್ಳೆ ಹಾಸಿಗೆ ಅಂದರೆ ಮೈಯನ್ನು ಎಲ್ಲ ಕಡೆಯೂ ಸಮನಾಗಿ ಹಿಡಿಯಬೇಕು, ಮಲಗಿದವನಿಗೆ ಕೆಳಗೆ ಹಾಸಿಗೆ ಇದೆ ಅನ್ನೋದೇ ಮರೆತುಹೋಗಬೇಕು, ಒಂದೇ ಕಡೆ ಗಂಟು ಚುಚ್ಚಿದರೆ ಮಾತ್ರ ನೆನಪಾಗೋದು ಎಂದು ದಿನಕ್ಕೆ ಹತ್ತು ಜನರಿಗೆ ಹೇಳುವವರು. ಅರ್ಥವಾದದ್ದು ತೊಂದರೆಯಲ್ಲ. ಅರ್ಥವಾದದ್ದನ್ನು ಇಟ್ಟುಕೊಳ್ಳಲು ಅವರಿಗೆ ಬರುವುದಿಲ್ಲ.

ಮಾರನೇ ದಿನ ಅಂಗಡಿಗೆ ಹೊಸ ದಂಪತಿ ಜೋಡಿ ಮಂಚ ಕೊಳ್ಳಲು ಬಂದರಂತೆ. ಹುಡುಗಿ ಮಂಚದ ಕಾಲು ಅಲ್ಲಾಡಿಸಿ, "ಇಬ್ಬರ ಭಾರ ತಡಿಯುತ್ತಾ?" ಎಂದಳು. ಇವರು, "ಇಬ್ಬರದ್ದೇನು ತಾಯಿ, ಈಗಲೇ ಇದರ ಮೇಲೆ ಮೂವತ್ತು ಟನ್‌ಗಿಂತ ಜಾಸ್ತಿ ಇದೆ, ನೋಡಿ ಹೇಗೆ ನಿಂತಿದೆ" ಎಂದರು. ದಂಪತಿ ಮಂಚವನ್ನೂ ಇವರನ್ನೂ ಒಂದೊಂದು ಸಲ ನೋಡಿ ಹೊರಟುಹೋದರು. ಅಂಗಡಿ ಮಾಲೀಕರು ಕರೆದು ಕೇಳಿದರು: "ಏನಪ್ಪಾ ಹೇಳಿದೆ ಅವರಿಗೆ?"

"ಇರೋ ವಿಷಯ ಹೇಳಿದೆ ಸಾರ್."

"ನಾಳೆಯಿಂದ ರೇಟು ಹೇಳು. ಸಾಕು."

ಇದನ್ನೂ ಅವರೇ ಮನೆಗೆ ಬಂದು ಹೇಳಿದ್ದು, ಮಾಲೀಕರಿಗೆ ವಿಜ್ಞಾನದಲ್ಲಿ ಆಸಕ್ತಿ ಕಡಿಮೆ ಎಂಬ ಬೇಸರದಲ್ಲಿ.

ಆ ಭಾನುವಾರ ಮೀಟಿಂಗು. ಈ ಸಲ ಟ್ಯಾಂಕ್ ಆಗಲೇಬೇಕಿತ್ತು. ನನ್ನ ಬಲ ಭುಜ ಮೇಲೆತ್ತಿದರೆ ಕರಕರ ಅನ್ನುತ್ತಿತ್ತು. ಮಗಳು ಸ್ಕೂಲಿಗೆ ಹೋಗುವ ಮುಂಚೆ ಎರಡು ಸಲ ಸಣ್ಣ ಬಕೆಟ್ ತರುತ್ತಿದ್ದಳು, ಯೂನಿಫಾರ್ಮ್ ಒಂದು ಕಡೆ ಸದಾ ಒದ್ದೆ. ಹಾಗಾಗಿ ಬೆಳಿಗ್ಗೆಯೇ ಕೂರಿಸಿಕೊಂಡು ಹೇಳಿಕೊಟ್ಟೆ.

"ಎರಡೇ ಮಾತು. ನಮಗೆ ನೀರು ಬೇಕು. ಟ್ಯಾಂಕ್ ಇಡೋಣ. ಮುಗೀತು, ಕೂತ್ಕೊಂಡುಬಿಡಿ."

"ಅಷ್ಟೇನಾ? ನನ್ನನ್ನ ಏನು ಮಗು ಅಂದ್ಕೊಂಡಿದ್ದೀಯಾ?"

"ಮಗು ಆಗಿದ್ದರೆ ಹೇಳಿಕೊಟ್ಟಷ್ಟೇ ಹೇಳ್ತಿತ್ತು."

ಮೀಟಿಂಗು ನಡೆಯುವುದು ಮೆಟ್ಟಿಲ ಕೆಳಗೆ ಸ್ಕೂಟರ್ ನಿಲ್ಲಿಸುವ ಜಾಗದಲ್ಲಿ. ಅಧ್ಯಕ್ಷರಿಗೆ ಕುರ್ಚಿ, ಉಳಿದವರಿಗೆ ಮೆಟ್ಟಿಲು. ಟ್ಯಾಂಕಿನ ವಿಷಯ ಎತ್ತಿದ ಕೂಡಲೇ ಏಜೆಂಟರು ಗಂಟಲು ಸರಿಮಾಡಿಕೊಂಡರು.

"ಸಾವಿರ ಲೀಟರ್ ಅಂದ್ರೆ ಒಂದು ಟನ್. ಛಾವಣಿ ಹಳೇದು. ನಾಳೆ ಏನಾದ್ರೂ ಹೆಚ್ಚುಕಡಿಮೆ ಆದ್ರೆ? ನಾನು ಹೆದರಿಸ್ತಾ ಇಲ್ಲ, ಸಾಧ್ಯತೆ ಹೇಳ್ತಾ ಇದ್ದೀನಿ."

ನಾನು ನಮ್ಮ ಮನೆಯವರನ್ನು ತಿವಿದೆ. ಎದ್ದು ನಿಂತರು.

"ನಮಗೆ ನೀರು ಬೇಕು," ಎಂದರು. ಸರಿಯಾಗಿತ್ತು. "ಟ್ಯಾಂಕ್ ಇಡೋಣ," ಎಂದರು. ಅದೂ ಸರಿಯಾಗಿತ್ತು. ಅಲ್ಲಿಗೆ ಕೂತಿದ್ದರೆ ನಾನು ಈ ಕಥೆ ಬರೆಯುವ ಬದಲು ಮಲಗಿರುತ್ತಿದ್ದೆ.

"ಒಂದು ಟನ್ ಅಂತೀರಲ್ಲ ಏಜೆಂಟರೇ," ಎಂದು ಮುಂದುವರಿಸಿದರು. "ನಮ್ಮ ಟೆರೇಸು ನೂರಹತ್ತು ಚದರ ಮೀಟರ್, ಅದರ ಮೇಲೆ ಈಗಲೇ ಸಾವಿರದ ನೂರು ಟನ್ ಇದೆ. ಯಾರಿಗಾದ್ರೂ ಗೊತ್ತಾಗಿದೆಯಾ?"

ಯಾರಿಗೂ ಗೊತ್ತಾಗಿರಲಿಲ್ಲ. ಅದು ಅವರ ಮುಖದಲ್ಲೇ ಕಾಣುತ್ತಿತ್ತು.

"ಯಾವ ಸಾವಿರದ ನೂರು ಟನ್ ರೀ?" ಎಂದರು ಅಧ್ಯಕ್ಷರು.

"ಇರೋದು. ನಾವು ಇಲ್ಲಿ ಮಾತಾಡ್ತಾ ಇರೋ ಹೊತ್ತಲ್ಲೂ ಇದೆ."

"ಯಾವಾಗಿಂದ?"

"ಕಟ್ಟಡ ಕಟ್ಟಿದ ದಿನದಿಂದ."

"ಇಷ್ಟು ದಿನ ಯಾಕೆ ಹೇಳಲಿಲ್ಲ?" ಎಂದರು ದೊಡ್ಡಮ್ಮ.

"ನನಗೂ ಈ ವಾರವೇ ಗೊತ್ತಾಗಿದ್ದು."

"ಅಯ್ಯೋ ಶಿವನೇ. ಯಾರು ತಂದಿಟ್ಟಿದ್ದು?"

"ಯಾರೂ ಇಟ್ಟಿಲ್ಲ ದೊಡ್ಡಮ್ಮ. ಗಾಳಿ. ಗಾಳಿಗೂ ತೂಕ ಇದೆ. ಆದರೆ..."

ಆ 'ಆದರೆ'ಯ ಆಚೆಗೇ ಇಡೀ ಪಾಠದ ಸಾರ ಇತ್ತು. 'ಆದರೆ'ಯವರೆಗೆ ಕಾಯುವ ಜನ ನಮ್ಮ ಕಟ್ಟಡದಲ್ಲಿಲ್ಲ. ಬೇರೆ ಯಾರಾದರೂ ಅಧ್ಯಕ್ಷರಾಗಿದ್ದರೆ ಗಾಳಿಗೆಂಥ ತೂಕ ಎಂದು ನಕ್ಕು ಬಿಡುತ್ತಿದ್ದರು. ಇವರು ಪಾರ್ಸೆಲ್ ಆಫೀಸಿನವರು. ತೂಕ ಎಂಬ ಶಬ್ದ ಕಿವಿಗೆ ಬಿದ್ದರೆ ಬೆನ್ನು ನೆಟ್ಟಗಾಗುತ್ತದೆ.

"ತೂಕ ಅಂದಮೇಲೆ ತೂಕ," ಎಂದರು ಗಂಭೀರವಾಗಿ. "ಒಂದು ಗೂಡ್ಸ್ ವ್ಯಾಗನ್ನಿಗೆ ಐವತ್ತೈದು ಟನ್ ಹಿಡೀರಿ. ಇಪ್ಪತ್ತು ವ್ಯಾಗನ್. ಅಂದ್ರೆ ನಮ್ಮ ತಲೆ ಮೇಲೆ ಒಂದು ಗೂಡ್ಸ್ ರೈಲು ನಿಂತಿದೆ."

ಎಲ್ಲರೂ ಒಮ್ಮೆ ಮೇಲೆ ನೋಡಿದರು. ಕಂಡದ್ದು ಮೆಟ್ಟಿಲ ತಳ. ಏಜೆಂಟರು ಕೂತಿದ್ದವರು ನಿಧಾನಕ್ಕೆ ಬಾಗಿಲ ಹತ್ತಿರ ಸರಿದರು.

"ಇಪ್ಪತ್ತು ವ್ಯಾಗನ್ ಹೊತ್ತಿರೋ ಛಾವಣಿ ಮೇಲೆ ಇನ್ನೊಂದು ಟನ್ ಇಡೋ ಮಾತು ಇವತ್ತಿಗೆ ಬೇಡ," ಎಂದು ಅಧ್ಯಕ್ಷರು ತೀರ್ಪು ಕೊಟ್ಟರು. "ಟೆರೇಸಿಗೂ ಬೀಗ. ಯಾರೂ ಹತ್ತಕೂಡದು."

ಹೀಗೆ ನಮ್ಮ ಮನೆಯವರು ಟ್ಯಾಂಕ್ ಕೇಳಲು ಹೋಗಿ ಬಟ್ಟೆ ಒಣಗಿಸುವ ಹಗ್ಗವನ್ನೂ ಕಳೆದುಕೊಂಡು ಬಂದರು. ಮೆಟ್ಟಿಲು ಹತ್ತುತ್ತಾ, "ನಾನು ಹೇಳಿದ್ದು ತಪ್ಪೇನಿಲ್ಲವಲ್ಲ," ಎಂದರು. ನಾನು ಒದ್ದೆ ಬಟ್ಟೆಯನ್ನು ಕಿಟಕಿಯ ಸರಳಿಗೆ ಹರವಿದೆ.

ಅಲ್ಲಿಂದ ಮುಂದೆ ಕಟ್ಟಡದಲ್ಲಿ ಎಲ್ಲರಿಗೂ ಎಲ್ಲವೂ ಗೊತ್ತಾಗತೊಡಗಿತು. ಇಷ್ಟು ವರ್ಷ ಯಾರ ಕಣ್ಣಿಗೂ ಬೀಳದ ಗೋಡೆಯ ಬಿರುಕುಗಳು ಒಂದೊಂದಾಗಿ ಬಿದ್ದವು. ಮೊದಲಿನಿಂದಲೂ ನೆಲಕ್ಕೆ ಉಜ್ಜುತ್ತಿದ್ದ ಏಜೆಂಟರ ಬಾಗಿಲು ಈಗ 'ಭಾರಕ್ಕೆ' ಉಜ್ಜುತ್ತಿತ್ತು. ಅವರು ತುದಿಗಾಲಲ್ಲಿ ನಡೆಯತೊಡಗಿದರು. ದೊಡ್ಡಮ್ಮ ಮಂಚವನ್ನು ಎಳೆದು ಬಾಗಿಲ ಚೌಕಟ್ಟಿನ ಕೆಳಗೆ ಹಾಕಿಕೊಂಡರು. ಅವರ ಯಜಮಾನರು ಕೋಣೆಯಿಂದ ಆಚೆ ಬರಬೇಕಾದರೆ ದೊಡ್ಡಮ್ಮನನ್ನು ದಾಟಿಯೇ ಬರಬೇಕಾಯಿತು.

ಒಂದು ದಿನ ಬಕೆಟ್ ಹಿಡಿದು ಹತ್ತುತ್ತಿದ್ದ ನನ್ನನ್ನು ದೊಡ್ಡಮ್ಮ ಮಂಚದ ಮೇಲಿಂದಲೇ ನಿಲ್ಲಿಸಿದರು.

"ಅಲ್ಲಮ್ಮಾ, ಛಾವಣಿಗೆ ಅಂಟಿಕೊಂಡೇ ಇರೋರು ನೀವು. ನಿನಗೆ ಭಾರ ಅನ್ನಿಸ್ತಾ ಇಲ್ವಾ?"

"ಅನ್ನಿಸ್ತಾ ಇದೆ ದೊಡ್ಡಮ್ಮ. ಈ ಕೈಯಲ್ಲೊಂದು, ಆ ಕೈಯಲ್ಲೊಂದು."

"ನೀರಿನ ಭಾರ ಬಿಡು, ಅದು ಎಲ್ಲರಿಗೂ ಗೊತ್ತಿರೋದೇ. ನಾನು ಕೇಳಿದ್ದು ರಾತ್ರಿ ಮಲಗಿದಾಗ ಗಡಗಡ ಅನ್ನುತ್ತಲ್ಲ, ಅದು."

ಗಡಗಡ ಅನ್ನುತ್ತಿದ್ದದ್ದು ಅವರ ಯಜಮಾನರ ಗೊರಕೆ. ಸಂಸಾರದ ವಿಷಯ ಎಂದು ಮೆಟ್ಟಿಲು ಹತ್ತಿದೆ.

ಇಸ್ತ್ರಿಯವನು ನಮ್ಮ ಮನೆಗೆ ಹತ್ತುವುದನ್ನು ಬಿಟ್ಟ. ಎರಡನೇ ಮಹಡಿಯ ತಿರುವಿನಲ್ಲಿ ನಿಂತು, "ಅಕ್ಕಾ, ಬಟ್ಟೆ ಕೆಳಗೆ ತಂದುಬಿಡಿ, ನನಗೆ ಹೆಂಡ್ತಿ ಮಕ್ಕಳಿದ್ದಾರೆ," ಎಂದು ಕೂಗಿದ. ಇವರ ಅಣ್ಣ, ಅಂದರೆ ನಮ್ಮ ಭಾವ, ಫೋನ್ ಮಾಡಿದರು. ಇವರೇ ಅವರಿಗೆ ಹೆಮ್ಮೆಯಿಂದ ಪಾಠ ಒಪ್ಪಿಸಿದ್ದರು.

"ನೀವೆಲ್ಲ ನಮ್ಮಲ್ಲಿಗೇ ಬಂದುಬಿಡಿ ಅನ್ನೋಣ ಅಂತ ಫೋನ್ ತಗೊಂಡೆ," ಎಂದರು ಭಾವ. "ಆಮೇಲೆ ಯೋಚನೆ ಬಂತು, ನಮ್ಮ ಟೆರೇಸು ನಿಮ್ಮದಕ್ಕಿಂತ ದೊಡ್ಡದು. ನಮ್ಮ ಮೇಲೆ ಇನ್ನೂ ಜಾಸ್ತಿನೇ ಇರಬೇಕಲ್ಲ. ನೀವು ಅಲ್ಲೇ ಇರಿ, ಅದೇ ವಾಸಿ."

ಕಡೆಗೆ ಏಜೆಂಟರು ನಗರಸಭೆಗೆ ದೂರು ಕೊಟ್ಟರು. ಟೆರೇಸಿನ ಮೇಲೆ ಅಪಾಯಕಾರಿಯಾಗಿ ಸಾವಿರದ ನೂರು ಟನ್ ಸಂಗ್ರಹವಾಗಿದೆ, ಅನುಮತಿ ಪಡೆದಿಲ್ಲ ಎಂದು. ಏನು ಸಂಗ್ರಹ ಎಂದು ಬರೆಯಲಿಲ್ಲ. ಬರೆದಿದ್ದರೆ ಯಾರೂ ಬರುತ್ತಿರಲಿಲ್ಲ ಅನ್ನುವಷ್ಟು ಅನುಭವ ಅವರಿಗಿತ್ತು.

ನಗರಸಭೆಯ ಎಂಜಿನಿಯರ್ ಹೆಲ್ಮೆಟ್ ಹಾಕಿಕೊಂಡೇ ಬಂದರು. ಸಾವಿರದ ನೂರು ಟನ್ ಮರಳೋ ಕಬ್ಬಿಣವೋ ಎಂದು ದಾರಿಯುದ್ದಕ್ಕೂ ಲೆಕ್ಕ ಹಾಕಿಕೊಂಡು ಬಂದ ಮುಖ. ಅಧ್ಯಕ್ಷರು ಬೀಗ ತೆಗೆದರು. ಟೆರೇಸಿನಲ್ಲಿ ಕಾಲು ಮುರಿದ ಒಂದು ಕುರ್ಚಿ, ಹಳೇ ಟ್ಯಾಂಕಿನ ಇಟ್ಟಿಗೆ ಕಟ್ಟೆ, ನನ್ನ ಬಟ್ಟೆಯ ಹಗ್ಗ.

"ಎಲ್ಲಿ?" ಎಂದರು ಎಂಜಿನಿಯರ್.

"ಇಲ್ಲೇ," ಎಂದು ಅಧ್ಯಕ್ಷರು ಗಾಳಿಯಲ್ಲಿ ಕೈಯಾಡಿಸಿದರು. "ಪೂರ್ತಿ ಇದೆ. ಅಂಚಿನವರೆಗೂ ಇದೆ."

ಎಂಜಿನಿಯರ್ ಹೆಲ್ಮೆಟ್ ತೆಗೆದು ಕಾಲು ಮುರಿದ ಕುರ್ಚಿಯ ಮೇಲಿಟ್ಟರು. ವಿಷಯ ತಿಳಿದ ಮೇಲೆ ನಗಲಿಲ್ಲ, ಬೈಯಲಿಲ್ಲ. ಅಂಥದ್ದನ್ನು ದಿನಾ ನೋಡುವವರ ಹಾಗೆ ಒಂದು ಉಸಿರು ಬಿಟ್ಟರು.

"ಗಾಳಿ ಮೇಲಿಂದ ಒತ್ತೋದು ನಿಜ. ಛಾವಣಿ ಕೆಳಗಡೆ, ಮನೆ ಒಳಗೂ ಗಾಳಿ ಇದೆ. ಅದು ಕೆಳಗಿಂದ ಮೇಲಕ್ಕೆ ಅಷ್ಟೇ ಬಲವಾಗಿ ಒತ್ತುತ್ತೆ. ಅಲ್ಲಿಗಲ್ಲಿಗೆ ಸರಿ ಹೋಯ್ತು. ಅದಕ್ಕೇ ಛಾವಣಿಗೂ ಗೊತ್ತಾಗಲ್ಲ, ನಿಮಗೂ ಗೊತ್ತಾಗಲ್ಲ. ಆ ಕಟ್ಟೆ ಮೇಲೆ ಟ್ಯಾಂಕ್ ಇಟ್ಟುಕೊಳ್ಳಿ, ಏನೂ ಆಗಲ್ಲ. ಇನ್ನೊಂದು ಸಲ ದೂರು ಕೊಡಬೇಕಾದ್ರೆ ಮೇಲೆ ಹತ್ತಿ ನೋಡಿ ಕೊಡಿ."

ನಮ್ಮ ಮನೆಯವರು ನನ್ನ ಕಡೆ ತಿರುಗಿ, "ನಾನು ಹೇಳೋಕೆ ಹೊರಟಿದ್ದ 'ಆದರೆ' ಅದೇ," ಎಂದರು.

ವಿಷಯ ಅಲ್ಲಿಗೆ ಮುಗಿಯಬೇಕಿತ್ತು. ಎಂಜಿನಿಯರ್ ಹೇಳಿದ್ದರಲ್ಲಿ ಟ್ಯಾಂಕಿನ ಮಾತೂ ಇತ್ತು, ಗಾಳಿಯ ಮಾತೂ ಇತ್ತು. ಅಧ್ಯಕ್ಷರು ತಮಗೆ ಬೇಕಾದ ಪಾರ್ಸೆಲ್ ಮಾತ್ರ ಬಿಡಿಸಿಕೊಂಡರು. ಸಂಜೆ ನಮ್ಮ ಬಾಗಿಲು ಬಡಿದರು. ಹಿಂದೆ ಏಜೆಂಟರು.

"ಇಪ್ಪತ್ತು ವ್ಯಾಗನ್ನನ್ನ ಕೆಳಗಿಂದ ಎತ್ತಿ ಹಿಡಿದಿರೋದು ನಿಮ್ಮ ಮನೆ ಗಾಳಿ," ಎಂದರು ಅಧ್ಯಕ್ಷರು. "ಅಂದ್ರೆ ನಿಮ್ಮ ಮನೆ ಗಾಳಿ ಈ ಕಟ್ಟಡದ ಕಂಬ ಇದ್ದ ಹಾಗೆ. ಅದು ಕಡಿಮೆ ಆಗೋ ಹಾಗಿಲ್ಲ. ಕಿಟಕಿ ಎಲ್ಲ ತೆಗೆದಿಡಿ. ಹಗಲೂ ರಾತ್ರಿ."

"ಮುಚ್ಚಿದ್ರೂ ಒತ್ತಡ ಅಷ್ಟೇ ಇರುತ್ತೆ ಅಧ್ಯಕ್ಷರೇ," ಎಂದರು ನಮ್ಮ ಮನೆಯವರು.

"ನೀವು ಗಾಳಿ ವಿಷಯ ಮಾತಾಡಬೇಡಿ. ನಿಮ್ಮಿಂದಲೇ ಇಷ್ಟೆಲ್ಲ ಆಗಿದ್ದು."

ಏಜೆಂಟರು ನನ್ನ ಅಡುಗೆಮನೆಯನ್ನು ಇಣುಕಿದರು. ಗೋಡೆಯಲ್ಲಿ ಹೊಗೆ ಹೊರಗೆ ಹಾಕುವ ಸಣ್ಣ ಫ್ಯಾನು ತಿರುಗುತ್ತಿತ್ತು. ಅವರ ಮುಖ ಬಿಳಿಚಿಕೊಂಡಿತು.

"ಇದೇನ್ರೀ, ಕಂಬಾನ ಹೊರಗೆ ಹಾಕ್ತಾ ಇದ್ದೀರಾ?"

ಫ್ಯಾನು ನಿಂತಿತು. ಕಿಟಕಿಗಳು ತೆರೆದವು. ಅಡುಗೆಮನೆಯಲ್ಲಿ ಹೊಗೆ, ಕೋಣೆಯಲ್ಲಿ ಧೂಳು, ಮೂವರ ಮೈಮೇಲೂ ಸೊಳ್ಳೆ. ಒಂದು ಕಿಟಕಿ ಮುಚ್ಚಿದರೆ ಸಾಕು, ಕೆಳಗಿನಿಂದ ದೊಡ್ಡಮ್ಮನ ದನಿ ಬರುತ್ತಿತ್ತು: "ಮೇಲೆ ಯಾರಮ್ಮಾ ಕಿಟಕಿ ಹಾಕಿದ್ದು? ನಮ್ಮ ಜೀವದ ಮೇಲೆ ಸ್ವಲ್ಪ ಕರುಣೆ ಇರಲಿ." ಮಗಳ ಪುಸ್ತಕದ ಹಾಳೆಗಳು ಹಾರಿಹೋಗಿ ಒತ್ತಡದ ಪಾಠವೇ ಎರಡು ದಿನ ಸಿಗಲಿಲ್ಲ.

ಟ್ಯಾಂಕ್ ಏನಾಯಿತು ಎಂದು ಅಧ್ಯಕ್ಷರನ್ನು ಕೇಳಿದೆ. "ಎಂಜಿನಿಯರ್ ಇಡಬಹುದು ಅಂದರಲ್ಲ?"

"ಅಂದ್ರು. ಅವರು ಇದರ ಕೆಳಗೆ ಮಲಗಲ್ಲವಲ್ಲ," ಎಂದರು ಅಧ್ಯಕ್ಷರು. "ಈಗ ಇರೋ ಭಾರಕ್ಕೆ ನಿಮ್ಮ ಗಾಳಿ ಸರಿಯಾಗಿದೆ. ಒಂದು ಟನ್ ಜಾಸ್ತಿ ಆದ್ರೆ ಎತ್ತಿ ಹಿಡಿಯೋಕೆ ಹೆಚ್ಚಿನ ಗಾಳಿ ಎಲ್ಲಿಂದ ತರ್ತೀರಾ? ನಿಮ್ಮದು ಎರಡೇ ಕೋಣೆ."

ಕಾಲರಿಗೆ ಬಲ ಸಾಲದಿದ್ದರೆ ಒಳಗೊಂದು ಗಟ್ಟಿ ಬಟ್ಟೆ ಇಟ್ಟು ಹೊಲಿಯಬಹುದು, ಗಾಳಿಗೆ ಏನಿಡುವುದು.

ಮುಂದಿನ ಮೀಟಿಂಗು ಬಂತು. ನಾನು ಅದಕ್ಕೆಂದು ಹೋಗಲಿಲ್ಲ. ನೀರು ಹಿಡಿಯಲು ಇಳಿದಿದ್ದೆ, ಅವರು ದಾರಿಯಲ್ಲೇ ಕೂತಿದ್ದರು. ತುಂಬಿದ ಎರಡು ಬಕೆಟ್ ಪಕ್ಕದಲ್ಲಿಟ್ಟುಕೊಂಡು ನಾನೂ ಮೆಟ್ಟಿಲ ಮೇಲೆ ಕೂತೆ. ನಮ್ಮ ಮನೆಯವರು ಗೋಡೆಗೆ ಒರಗಿ ನಿಂತಿದ್ದರು. ಮಾತಾಡಬಾರದು ಎಂದು ಅವರಿಗೆ ನಾನೂ ಹೇಳಿದ್ದೆ, ಅಧ್ಯಕ್ಷರೂ ಹೇಳಿದ್ದರು. ಹೊಸ ಟ್ಯಾಂಕಿನ ಬೇಡಿಕೆ ಮುಂದಕ್ಕೆ ಹಾಕುವುದು ಎಂದು ಅಧ್ಯಕ್ಷರು ಶುರುಮಾಡಿದರು.

ಆಗ ನಾನೊಂದು ಪ್ರಶ್ನೆ ಕೇಳಿದೆ. ಬೇಕೆಂದೇ ಕೇಳಿದೆನೋ, ಸುಸ್ತಿನಲ್ಲಿ ಬಾಯಿಗೆ ಬಂತೋ, ಹೇಳಲಾರೆ.

"ನನಗೊಂದು ಅನುಮಾನ ಅಧ್ಯಕ್ಷರೇ. ಟ್ಯಾಂಕ್ ಕೂತ ಜಾಗದಲ್ಲಿ ಗಾಳಿ ಕೂರೋಕಾಗುತ್ತಾ?"

ಅಧ್ಯಕ್ಷರು ಬಾಯಿ ತೆರೆದವರು ಮುಚ್ಚಿದರು. ಕಣ್ಣೂ ಮುಚ್ಚಿದರು. ಅವರ ಮನಸ್ಸಿನಲ್ಲಿ ಯಾವುದೋ ಪ್ಲಾಟ್‌ಫಾರ್ಮಿನಲ್ಲಿ ವ್ಯಾಗನ್ನಿನ ಬಾಗಿಲು ತೆರೆದು ಪೆಟ್ಟಿಗೆಗಳು ಒಳಹೋಗುತ್ತಿರುವುದು ನಮಗೆ ಕಾಣುತ್ತಿತ್ತು.

"ಒಂದು ಪೆಟ್ಟಿಗೆ ಕೂತ ಜಾಗದಲ್ಲಿ ಇನ್ನೊಂದು ಪೆಟ್ಟಿಗೆ ಕೂರಲ್ಲ," ಎಂದರು ಕಣ್ಣು ಬಿಟ್ಟು. "ನನ್ನ ಇಡೀ ಸರ್ವೀಸಲ್ಲಿ ಕೂತಿಲ್ಲ. ಟ್ಯಾಂಕ್ ಇಟ್ಟ ಜಾಗದಿಂದ ಗಾಳಿ ಎದ್ದು ಹೋಗಲೇಬೇಕು. ಟ್ಯಾಂಕಿನ ತಳ ಎಷ್ಟು?"

"ಹತ್ತಿರ ಹತ್ತಿರ ಒಂದು ಚದರ ಮೀಟರ್," ಎಂದರು ಏಜೆಂಟರು.

"ಒಂದು ಚದರ ಮೀಟರಿಗೆ ಗಾಳಿ ಹತ್ತು ಟನ್. ಟ್ಯಾಂಕ್ ಒಂದು ಟನ್. ಹತ್ತು ಇಳೀತು, ಒಂದು ಏರಿತು." ಅಧ್ಯಕ್ಷರು ಬೆರಳು ಮಡಚಿ ಎಣಿಸಿದರು. "ಟ್ಯಾಂಕ್ ಇಟ್ಟರೆ ಛಾವಣಿಗೆ ಒಂಬತ್ತು ಟನ್ ಹಗುರ."

ಏಜೆಂಟರು ಎದ್ದೇ ನಿಂತರು. "ಹಾಗಾದ್ರೆ ಇಷ್ಟು ದಿನ ಟ್ಯಾಂಕ್ ಇಡದೆ ನಾವು ಎಂಥಾ ಅಪಾಯದಲ್ಲಿದ್ದೆವು ನೋಡಿ."

ಗೋಡೆಯ ಹತ್ತಿರ ಸದ್ದಾಯಿತು. ನಮ್ಮ ಮನೆಯವರು ಬೆನ್ನು ಬಿಡಿಸಿಕೊಂಡು ಒಂದು ಹೆಜ್ಜೆ ಮುಂದೆ ಬಂದಿದ್ದರು. ಸುಳ್ಳು ವಿಜ್ಞಾನ ಕೇಳಿ ಸುಮ್ಮನಿರುವುದು ಅವರಿಗೆ ಸೊಂಟ ನೋವಿಗಿಂತ ಕಷ್ಟ.

"ಹಾಗಲ್ಲ ಅದು," ಎಂದರು. "ಟ್ಯಾಂಕ್ ಮೇಲೂ..."

ಎಲ್ಲರೂ ಅವರ ಕಡೆ ತಿರುಗಿದರು. ನಾನು ಕಣ್ಣು ಕೆಕ್ಕರಿಸಲಿಲ್ಲ, ಕಾಲು ತುಳಿಯಲಿಲ್ಲ. ಅಷ್ಟಕ್ಕೂ ತ್ರಾಣ ಇರಲಿಲ್ಲ. ಬಕೆಟ್ಟಿನ ಹಿಡಿ ಒತ್ತಿ ಅಂಗೈ ಮಡಚಲು ಬರುತ್ತಿರಲಿಲ್ಲ, ಮಂಡಿಯ ಮೇಲೆ ಬಿಡಿಸಿಟ್ಟು ಇನ್ನೊಂದು ಕೈಯಲ್ಲಿ ತಿಕ್ಕುತ್ತಾ ಕೂತಿದ್ದೆ. ಎರಡರಲ್ಲೂ ಅಡ್ಡಕ್ಕೆ ಒಂದೊಂದು ಕೆಂಪು ಗೆರೆ. ಅವರು ಆ ಅಂಗೈ ನೋಡಿದರು. ವಾರಗಟ್ಟಲೆ ತಮ್ಮ ಅಂಗೈಯನ್ನೇ ನೋಡಿದ್ದವರು, ಬೇರೆಯದನ್ನು ನೋಡಿದ್ದು ಅದೇ ಮೊದಲಿರಬೇಕು.

"ಟ್ಯಾಂಕ್ ಮೇಲೂ ಏನು?" ಎಂದರು ಅಧ್ಯಕ್ಷರು ಹುಬ್ಬು ಗಂಟಿಕ್ಕಿ.

"ಟ್ಯಾಂಕ್ ಮೇಲೂ... ಮುಚ್ಚಳ ಇರಬೇಕು," ಎಂದರು ನಮ್ಮ ಮನೆಯವರು.

"ಇರಲೇಬೇಕು," ಎಂದರು ಏಜೆಂಟರು. "ಇಲ್ಲದಿದ್ರೆ ಎದ್ದು ಹೋದ ಗಾಳಿ ವಾಪಸ್ ಒಳಗೇ ಬಂದು ಕೂತರೆ?"

ಮಗಳು ಮೇಲಿನ ಮೆಟ್ಟಿಲಿನಿಂದ ಕೈ ಎತ್ತಿದಳು. ಅವಳಪ್ಪ ಆ ಕೈಯನ್ನು ಮೆಲ್ಲಗೆ ಹಿಡಿದು ಕೆಳಗಿಳಿಸಿದರು. ಮದುವೆಯಾದಾಗಿನಿಂದ ಅವರು ಒಂದು ವಾಕ್ಯವನ್ನು ಅರ್ಧಕ್ಕೆ ನುಂಗಿದ್ದು ನಾನು ಕಂಡಿರಲಿಲ್ಲ. ಆ ದಿನ ತಮ್ಮದೊಂದು, ಮಗಳದೊಂದು, ಎರಡು ನುಂಗಿದರು.

"ಎಲ್ಲರಿಗೂ ಒಪ್ಪಿಗೆ ತಾನೆ?" ಎಂದು ಅಧ್ಯಕ್ಷರು ಸುತ್ತ ನೋಡಿದರು. ದೊಡ್ಡಮ್ಮ, "ನೋಡಿ, ನನಗೇನೋ..." ಎಂದು ಉಸಿರು ತೆಗೆದುಕೊಂಡರು. ಆ ಸಂದಿನಲ್ಲಿ ಅವರ ಯಜಮಾನರ ದನಿ ಬಂತು. ತೆಳ್ಳಗೆ, ಚೆನ್ನಾಗಿತ್ತು.

"ಇಡ್ರಪ್ಪ. ನಾನು ಮಂಚ ದಾಟಬೇಕು."

ಆ ವಾರವೇ ಟ್ಯಾಂಕ್ ಏರಿತು. ಕಿಟಕಿ ಮುಚ್ಚಲು ಅಪ್ಪಣೆ ಸಿಕ್ಕಿತು, ಫ್ಯಾನು ತಿರುಗಿತು, ಇಸ್ತ್ರಿಯವನು ಬಾಗಿಲವರೆಗೆ ಬಂದ. ಅಡುಗೆಮನೆಯ ನಲ್ಲಿ ತಿರುಗಿಸಿದಾಗ ಅದು ಮೊದಲು ಕೆಮ್ಮಿತು, ತುಕ್ಕು ಉಗುಳಿತು, ಆಮೇಲೆ ನೀರು ಬಿಟ್ಟಿತು. ಮೇಲಿನಿಂದ ಕೆಳಕ್ಕೆ, ಯಾರೂ ಹೊರದೆ, ತಾನಾಗಿಯೇ. ಭೂಮಿ ಎಳೆಯುವುದರಿಂದ ನನಗೆ ಆದ ಮೊದಲ ಉಪಕಾರ ಅದು.

ಒಂದೇ ಆತಂಕ ಉಳಿದಿತ್ತು. ಪಂಪಿನ ಕೋಣೆಯ ಬೀಗದ ಕೈ ಇನ್ನೂ ಅಧ್ಯಕ್ಷರ ಸೊಂಟದಲ್ಲೇ ಇತ್ತು. ಕರೆಂಟು ಉಳಿಸುವುದರಲ್ಲಿ ಅವರು ಎತ್ತಿದ ಕೈ. ಹಳೇ ಟ್ಯಾಂಕ್ ಇದ್ದಾಗಲೂ ಎರಡು ದಿನಕ್ಕೊಮ್ಮೆ ಅರ್ಧ ತುಂಬಿಸಿ ನಿಲ್ಲಿಸಿಬಿಡುತ್ತಿದ್ದರು. ಈ ಸಲವೂ ಮೊದಲ ವಾರ ಹಾಗೇ ಮಾಡಿದರು. ನಾನು ಬಕೆಟ್‌ಗಳನ್ನು ಅಟ್ಟಕ್ಕೆ ಹಾಕದೆ ಬಾಗಿಲ ಹಿಂದೆಯೇ ಇಟ್ಟಿದ್ದೆ.

ಆಮೇಲೊಂದು ಸಂಜೆ ಗಾಳಿ ಜೋರಾಗಿತ್ತು. ಅಧ್ಯಕ್ಷರು ನಮ್ಮ ಮನೆಗೆ ಬಂದರು, ಸದ್ದಿಲ್ಲದೆ, ಚಪ್ಪಲಿ ಕೈಯಲ್ಲಿ ಹಿಡಿದು.

"ನಿಮ್ಮನ್ನೇ ಕೇಳಬೇಕು ಅಂತ ಬಂದೆ," ಎಂದರು ನಮ್ಮ ಮನೆಯವರಿಗೆ ಮಾತ್ರ ಕೇಳುವಂತೆ. "ಮೊದಲು ಮೇಲಿನ ಭಾರ ಕೆಳಗಿನ ಒತ್ತಡ ಸರಿಸಮ ಇತ್ತು. ಈಗ ಮೇಲೆ ಒಂಬತ್ತು ಟನ್ ಕಡಿಮೆ ಮಾಡಿಬಿಟ್ವಿ. ಕೆಳಗಿಂದ ಒತ್ತೋದು ಹಾಗೇ ಇದೆ. ಇಂಥಾ ಗಾಳಿಗೆ ಛಾವಣಿ... ಏಳಲ್ಲ ತಾನೆ?"

ನಮ್ಮ ಮನೆಯವರ ಮುಖದಲ್ಲಿ ಇಡೀ ಪಾಠ ಮೊದಲಿನಿಂದ ಕೊನೆಯವರೆಗೆ ಹಾದುಹೋಯಿತು, 'ಆದರೆ' ಸಮೇತ. ಬಾಗಿಲ ಹಿಂದಿನ ಬಕೆಟ್‌ಗಳ ಕಡೆ ಒಮ್ಮೆ ನೋಡಿದರು.

"ಟ್ಯಾಂಕ್ ಖಾಲಿ ಬಿಡಬೇಡಿ," ಎಂದರು. "ತುಂಬಿದ್ದರೆ ಏನೂ ಆಗಲ್ಲ."

ಅದು ಸುಳ್ಳಲ್ಲ. ನಿಮ್ಮ ಮನೆಯ ಟ್ಯಾಂಕ್ ತುಂಬಿದ್ದರೂ ಏನೂ ಆಗುವುದಿಲ್ಲ.

ಅಂದಿನಿಂದ ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಪಂಪು ಹೊಡೆಯುತ್ತದೆ. ನೀರು ಅಂಚು ಮುಟ್ಟುವವರೆಗೆ ಅಧ್ಯಕ್ಷರು ನಿಂತು ನೋಡುತ್ತಾರೆ. ಗಾಳಿ ಬೀಸಿದ ದಿನ ಮೇಲೆ ಬಂದು ವಿಚಾರಿಸುತ್ತಾರೆ: "ಏನೂ ಅಲ್ಲಾಡಲಿಲ್ಲ ತಾನೆ?" ಇಲ್ಲ ಎಂದರೆ ನಿಶ್ಚಿಂತೆಯಾಗಿ ಇಳಿದುಹೋಗುತ್ತಾರೆ. ನಾನು ಬಕೆಟ್‌ಗಳನ್ನು ಅಟ್ಟಕ್ಕೆ ಹಾಕಿದೆ. ಮಗಳ ಯೂನಿಫಾರ್ಮ್ ಎರಡೂ ಕಡೆ ಒಣಗಿದೆ. ನಲ್ಲಿಯಲ್ಲಿ ನೀರು ಬರುತ್ತದೆ ಅನ್ನುವುದನ್ನೇ ನಾನೀಗ ಒಮ್ಮೊಮ್ಮೆ ದಿನಪೂರ್ತಿ ನೆನೆಸಿಕೊಳ್ಳುವುದಿಲ್ಲ.

ಮೊನ್ನೆ ಮಗಳು ಮುಂದಿನ ಪಾಠ ಓದುತ್ತಿದ್ದಳು. ಭೂಮಿ ತನ್ನ ಸುತ್ತ ತಾನು ಗಂಟೆಗೆ ಸಾವಿರಕ್ಕೂ ಹೆಚ್ಚು ಕಿಲೋಮೀಟರ್ ವೇಗದಲ್ಲಿ ತಿರುಗುತ್ತದೆ, ಅದರ ಜೊತೆ ನಾವೂ ತಿರುಗುತ್ತೇವೆ, ಆದರೂ ನಮಗೆ ತಿಳಿಯುವುದಿಲ್ಲ ಎಂದು. ನಮ್ಮ ಮನೆಯವರ ಬೆನ್ನು ದಿಂಬಿನಿಂದ ಮೇಲೆದ್ದಿತು.

"ಇನ್ನೊಂದು ಸಲ ಓದು," ಎಂದರು. ಕೇಳಿಸಿಕೊಂಡರು. ಕೋಣೆಯ ನಾಲ್ಕು ಮೂಲೆ ನೋಡಿದರು. "ಈ ಕಟ್ಟಡ ಪೂರ್ತಿ ಓಡ್ತಾ ಇದೆ. ಏಜೆಂಟರಿಗೆ ಇದು ಗೊತ್ತಿರುತ್ತಾ?" ಎಂದು ಚಪ್ಪಲಿ ಹುಡುಕತೊಡಗಿದರು.

ನಾನು ಸ್ಟೂಲು ಹಾಕಿ ಅಟ್ಟದಿಂದ ಎರಡು ಬಕೆಟ್ ಇಳಿಸಿ, ಧೂಳು ಒರೆಸಿ, ಬಾಗಿಲ ಅಡ್ಡಕ್ಕೆ ಜೋಡಿಸಿಟ್ಟೆ. ಅವರು ಬಕೆಟ್ ನೋಡಿದರು, ನನ್ನನ್ನು ನೋಡಿದರು. ಕಾಲಿಗೆ ಹಾಕಿದ್ದ ಒಂದು ಚಪ್ಪಲಿಯನ್ನು ಮೆಲ್ಲಗೆ ಕಳಚಿದರು.

"ಬೇಡ ಬಿಡು," ಎಂದರು. "ಪಾಪ, ಅವರು ಆರಾಮಾಗಿ ಕೂತಿರ್ತಾರೆ."

ಕೆಳಗೆ ಪಂಪು ಶುರುವಾದ ಸದ್ದು ಕೇಳಿತು.